ಅರ್ಥ ಆಗಲಿಲ್ಲ ಎಂದವನನ್ನು ಕಡಲ ತೀರಕ್ಕೆ ಕರೆದೊಯ್ದ ಮಾಸ್ಟ್ರು

"ಅರ್ಥ ಆಯ್ತಾ ಮಕ್ಕಳೇ?" ಎಂದು ಕೇಳಿದರೆ ಇಡೀ ತರಗತಿ ಒಂದೇ ಸ್ವರದಲ್ಲಿ "ಆಯ್ತು" ಅನ್ನುತ್ತದೆ. ಮದ್ರಸವಾಗಲಿ, ಶಾಲೆಯಾಗಲಿ, ಕಲಿಸುವ ನಮಗೆಲ್ಲ ಇದು ದಿನನಿತ್ಯದ ಅನುಭವ. ಅರ್ಥವಾಗದ ಮಗು ಬೈಗುಳಕ್ಕೆ ಹೆದರಿ, ಜೊತೆಗಾರರು ನಗುತ್ತಾರೆಂದು ನಾಚಿ ಸುಮ್ಮನಾಗುತ್ತದೆ.

ಮಾಜಿ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಐದನೇ ತರಗತಿಯಲ್ಲಿದ್ದಾಗ ಹಾಗೆ ಸುಮ್ಮನಾಗಲಿಲ್ಲ. 1931ರಲ್ಲಿ ರಾಮೇಶ್ವರದಲ್ಲಿ ಹುಟ್ಟಿದ ಅವರ ಮನೆ ಇದ್ದದ್ದು ಮಸೀದಿ ಬೀದಿಯಲ್ಲಿ. ತಂದೆ ಜೈನುಲಾಬ್ದೀನ್ ಹೆಚ್ಚು ಶಾಲೆ ಓದಿದವರೂ ಅಲ್ಲ, ಸಿರಿವಂತರೂ ಅಲ್ಲ. ಶಾಲೆಯಲ್ಲಿ ಶಿವಸುಬ್ರಹ್ಮಣ್ಯ ಅಯ್ಯರ್ ಎಂಬ ವಿಜ್ಞಾನದ ಮಾಸ್ಟ್ರಿದ್ದರು. ಒಂದು ದಿನ ಅವರು ಹಲಗೆಯ ಮೇಲೆ ಹಕ್ಕಿಯ ಚಿತ್ರ ಬರೆದು, ಅದು ಹೇಗೆ ಹಾರುತ್ತದೆಂದು ವಿವರಿಸಿದರು. ಪಾಠ ಮುಗಿದ ಮೇಲೆ ಕೇಳಿದರೆ, ಕಲಾಂ ತನಗೆ ಅರ್ಥವಾಗಲಿಲ್ಲ ಎಂದುಬಿಟ್ಟರು. ಇನ್ನೂ ಹಲವು ಮಕ್ಕಳು ಹಾಗೇ ಅಂದರು. ಮಾಸ್ಟ್ರು ಸಿಟ್ಟಾಗಲಿಲ್ಲ. ಅಂದು ಸಂಜೆಯೇ ತರಗತಿಯನ್ನು ಕಡಲ ತೀರಕ್ಕೆ ಕರೆದುಕೊಂಡು ಹೋಗಿ, ಹಾರುವ ಹಕ್ಕಿಗಳ ರೆಕ್ಕೆ, ಬಾಲ ಹೇಗೆ ಕೆಲಸ ಮಾಡುತ್ತವೆಂದು ಕಣ್ಣಾರೆ ತೋರಿಸಿದರು. ತಾನು ಮುಂದೆ ವಿಮಾನ ವಿಜ್ಞಾನ ಕಲಿಯಲು ಆ ಸಂಜೆಯೇ ಕಾರಣ ಎಂದು ಕಲಾಂ ಕೊನೆಯವರೆಗೂ ನೆನೆಯುತ್ತಿದ್ದರು.

ಅದೇ ಮಾಸ್ಟ್ರು ಒಮ್ಮೆ ಕಲಾಂರನ್ನು ಊಟಕ್ಕೆ ಮನೆಗೆ ಕರೆದರು. ಅವರದ್ದು ಮಡಿವಂತ ಬ್ರಾಹ್ಮಣ ಮನೆ. ಮುಸ್ಲಿಂ ಹುಡುಗನಿಗೆ ಅಡುಗೆಮನೆಯಲ್ಲಿ ಬಡಿಸಲು ಹೆಂಡತಿ ಒಪ್ಪಲಿಲ್ಲ. ಅಯ್ಯರ್ ಹೆಂಡತಿಯ ಮೇಲೆ ರೇಗಲಿಲ್ಲ, ಹುಡುಗನನ್ನು ವಾಪಸ್ ಕಳಿಸಲೂ ಇಲ್ಲ. ತಾವೇ ಬಡಿಸಿ, ಪಕ್ಕದಲ್ಲೇ ಕುಳಿತು ಉಂಡರು. ಆಕೆ ಬಾಗಿಲ ಮರೆಯಿಂದ ನೋಡುತ್ತಿದ್ದರು. ಹೊರಡುವಾಗ ಮುಂದಿನ ವಾರವೂ ಬಾ ಎಂದರು. ಹುಡುಗ ಹಿಂಜರಿದಾಗ, ಪದ್ಧತಿ ಬದಲಾಯಿಸಲು ಹೊರಟ ಮೇಲೆ ಇಂಥದ್ದನ್ನೆಲ್ಲ ಎದುರಿಸಲೇಬೇಕು ಎಂದು ಸಮಾಧಾನ ಹೇಳಿದರು. ಮರುವಾರ ಹೋದಾಗ ಆ ತಾಯಿಯೇ ಅಡುಗೆಮನೆಯೊಳಗೆ ಕರೆದು, ತನ್ನ ಕೈಯಾರೆ ಬಡಿಸಿದರು.

ಮುಂದೆ ರಾಮನಾಥಪುರದ ಶ್ವಾರ್ಟ್ಜ್ ಹೈಸ್ಕೂಲಿನಲ್ಲಿ ಇಯಾದುರೈ ಸೊಲೊಮನ್ ಎಂಬ ಇನ್ನೊಬ್ಬ ಗುರು ಸಿಕ್ಕರು. ನಿನ್ನ ಬದುಕನ್ನು ನೀನೇ ರೂಪಿಸಬಲ್ಲೆ ಎಂಬ ನಂಬಿಕೆಯನ್ನು ಹುಡುಗನಲ್ಲಿ ತುಂಬಿದವರು ಅವರು. ಒಬ್ಬರು ಬ್ರಾಹ್ಮಣ, ಇನ್ನೊಬ್ಬರು ಕ್ರೈಸ್ತ. ರಾಷ್ಟ್ರಪತಿಯಾದ ಮೇಲೂ ಕಲಾಂ ಈ ಗುರುಗಳ ಹೆಸರನ್ನು ಹೋದಲ್ಲೆಲ್ಲ ಹೇಳುತ್ತಿದ್ದರು. 2015ರ ಜುಲೈ 27ರಂದು ಶಿಲ್ಲಾಂಗಿನಲ್ಲಿ ವಿದ್ಯಾರ್ಥಿಗಳೆದುರು ಮಾತನಾಡುತ್ತಿರುವಾಗಲೇ ಕುಸಿದು ಕೊನೆಯುಸಿರೆಳೆದರು.

ಪ್ರೋತ್ಸಾಹ ಅಂದರೆ ಬರೀ "ಶಹಬ್ಬಾಸ್" ಹೇಳುವುದಲ್ಲ. ಮಗು ಎಲ್ಲಿ ನಿಂತುಹೋಗಿದೆಯೋ ಅಲ್ಲಿಗೆ ನಾವೇ ಹೋಗಿ ಕೈ ಹಿಡಿಯುವುದು. ನಮ್ಮಲ್ಲಿ "ಇವನ ತಲೆಗೆ ಹತ್ತುವುದಿಲ್ಲ, ಎಲ್ಲಾದರೂ ಅಂಗಡಿಗೆ ಸೇರಿಸಿ" ಎಂಬ ಒಂದು ಮಾತಿಗೆ ಎಷ್ಟೋ ಹುಡುಗರ ಓದು ನಿಂತಿದೆ. "ಹೆಣ್ಣಿಗೆ ಇಷ್ಟು ಸಾಕು" ಎಂಬ ಮಾತಿಗೆ ಎಷ್ಟೋ ಹುಡುಗಿಯರದ್ದು ನಿಂತಿದೆ. ಆ ಮಾತು ಹೇಳುವವರು ಕೆಲವೊಮ್ಮೆ ಕಲಿಸುವ ನಾವು, ಕೆಲವೊಮ್ಮೆ ಮನೆಯ ಉಪ್ಪ-ಉಮ್ಮ.

ಇಂದು ರಾತ್ರಿ ಮಕ್ಕಳು ಪುಸ್ತಕ ಹಿಡಿದು ಕೂತಾಗ "ಎಷ್ಟು ಮಾರ್ಕ್ ಬಂತು?" ಎಂದು ಕೇಳುವ ಮೊದಲು "ಯಾವುದು ಅರ್ಥ ಆಗಲಿಲ್ಲ?" ಎಂದು ಕೇಳಿ ನೋಡೋಣ. ಉತ್ತರ ಬಂದಾಗ ಸಿಟ್ಟು ಮಾಡದಿದ್ದರಾಯಿತು.