ಎರಡು ಪೇಟೆ, ಎರಡು ಬೆಳಕು: ಸಮೀಕರಣದ ಪಾಠಕ್ಕೊಂದು ಉದಾಹರಣೆ

ಹತ್ತನೆಯ ತರಗತಿಯಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಬಿಡಿಸುವಾಗ ‘ಇದರ ಉಪಯೋಗವೇನು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕುಂದಗೋಳ ತಾಲ್ಲೂಕಿನ ಪ್ರೌಢಶಾಲೆಯೊಂದರ ಪಾಠಾಭ್ಯಾಸದಲ್ಲಿ ನಾನು ಕೊಟ್ಟ ಉತ್ತರವಿದು.

ಉಳ್ಳಾಗಡ್ಡಿ, ಮೆಣಸಿನಕಾಯಿಗಳ ಮಿಶ್ರಬೆಳೆ ಮಕ್ಕಳಿಗೆ ಪರಿಚಿತ. ಒಂದು ಚಕ್ಕಡಿಯಲ್ಲಿ ಎರಡರ ಚೀಲಗಳೂ ಇವೆ. ಎಷ್ಟೆಷ್ಟು ಎಂದು ತಿಳಿಯದು. ಒಂದು ಪೇಟೆಯಲ್ಲಿ ಉಳ್ಳಾಗಡ್ಡಿ ಚೀಲಕ್ಕೆ 1 ಸಾವಿರ, ಮೆಣಸಿನಕಾಯಿಗೆ 3 ಸಾವಿರ ರೂಪಾಯಿ; ಒಟ್ಟು ಬೆಲೆ 10 ಸಾವಿರ. ಇನ್ನೊಂದು ಪೇಟೆಯಲ್ಲಿ 2 ಸಾವಿರ ಮತ್ತು 3 ಸಾವಿರ. ಒಟ್ಟು 14 ಸಾವಿರ. ಮೊದಲನೆಯದನ್ನು ಎರಡನೆಯದರಲ್ಲಿ ಕಳೆದರೆ ಉಳ್ಳಾಗಡ್ಡಿ 4 ಚೀಲ. ಆಗ ಮೆಣಸಿನಕಾಯಿ 2 ಚೀಲ.

ಇದೇ ಲೆಕ್ಕ ದೇಹದೊಳಗಿನ ರಕ್ತಕ್ಕೂ ನಡೆಯುತ್ತದೆ. ತಡೆತಡೆದು ಬಿಟ್ಟ ಬೆಳಕು ವಸ್ತುವಿನಿಂದ ಧ್ವನಿ ಹೊರಡಿಸುತ್ತದೆ ಎಂದು 1880ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಂಡುಕೊಂಡರು. ಇಂದಿನ ಫೋಟೋಅಕೂಸ್ಟಿಕ್ ಚಿತ್ರಣದಲ್ಲಿ ಲೇಸರ್‌ನ ಅತಿ ಕ್ಷಣಿಕ ಮಿಂಚನ್ನು ಚರ್ಮದ ಮೇಲೆ ಹಾಯಿಸುತ್ತಾರೆ. ಬೆಳಕನ್ನು ಹೀರಿದ ಅಂಗಾಂಶ ತುಸು ಬಿಸಿಯಾಗಿ ಹಿಗ್ಗುತ್ತದೆ. ಆಗ ಹೊರಟ ಶ್ರವಣಾತೀತ ಧ್ವನಿಯನ್ನು ಉಪಕರಣ ಗ್ರಹಿಸುತ್ತದೆ.

ಆದರೆ ಒಂದೇ ಧ್ವನಿಯಲ್ಲಿ ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್, ಹೊರದ ಹಿಮೋಗ್ಲೋಬಿನ್ ಎರಡೂ ಬೆರೆತಿರುತ್ತವೆ. 750 ನ್ಯಾನೋಮೀಟರ್ ಬೆಳಕನ್ನು ಆಕ್ಸಿಜನ್ ಹೊರದ್ದು ಹೆಚ್ಚು ಹೀರುತ್ತದೆ. 850ರ ಬೆಳಕನ್ನು ಹೊತ್ತದ್ದು ಹೆಚ್ಚು ಹೀರುತ್ತದೆ. ಎರಡು ಬೆಳಕು ಎರಡು ಪೇಟೆ ಇದ್ದಂತೆ. 800ರ ಆಸುಪಾಸಿನಲ್ಲಿ ಎರಡರ ‘ದರ’ವೂ ಹೆಚ್ಚುಕಡಿಮೆ ಒಂದೇ, ಅದೊಂದರಿಂದ ಒಟ್ಟು ಹಿಮೋಗ್ಲೋಬಿನ್ ಅಂದಾಜಾಗುತ್ತದೆ, ಪಾಲು ತಿಳಿಯದು. ಅದೇ ಜಾಗದಲ್ಲಿ ಚರ್ಮದ ವರ್ಣಕವಾದ ಮೆಲನಿನ್ ಕೂಡ ಇದ್ದರೆ ಮೂರನೆಯ ಅವ್ಯಕ್ತ ಸೇರುತ್ತದೆ. ಕನಿಷ್ಠ ಮೂರು ಬೆಳಕು ಬೇಕು.

ಇಷ್ಟಕ್ಕೆ ಪಾಠ ಮುಗಿಯಿತೆಂದುಕೊಂಡಿದ್ದೆ. ಹಿಂದಿನ ಸಾಲಿನ ಹುಡುಗಿ ಎದ್ದಳು: “ಸರ್, ದಲಾಲಿ ಮುರಕೊಂಡು ರೊಕ್ಕ ಕೊಟ್ರ ಲೆಕ್ಕ ತಪ್ಪತೈತಲ್ರಿ?” ಕಪ್ಪುಹಲಗೆಯ ಮೇಲೆ ಪರೀಕ್ಷಿಸಿದೆವು. ಮೊದಲ ಪೇಟೆಯಲ್ಲಿ 1 ಸಾವಿರ, ಎರಡನೆಯದರಲ್ಲಿ 2 ಸಾವಿರ ಮುರಿದರೆ ಕೈಗೆ ಬರುವುದು 9 ಮತ್ತು 12 ಸಾವಿರ. ಹಳೆಯ ರೀತಿಯಲ್ಲೇ ಬಿಡಿಸಿದರೆ ಉಳ್ಳಾಗಡ್ಡಿ 3 ಚೀಲ. ಉತ್ತರ ಸರಿಯಾದಂತೆ ಕಾಣುತ್ತದೆ, ಆದರೆ ಒಂದು ಚೀಲ ಮಾಯ!

ಅವಳು ಹಿಡಿದದ್ದೇ ಈ ವಿಧಾನದ ನಿಜವಾದ ತೊಡಕು. ಆಳದ ರಕ್ತ ತಲುಪುವ ಮೊದಲು ಚರ್ಮ, ಮೇಲಿನ ಅಂಗಾಂಶಗಳು ಪ್ರತಿ ಬೆಳಕಿನಿಂದ ಬೇರೆಬೇರೆ ಪ್ರಮಾಣದ ‘ದಲಾಲಿ’ ಮುರಿಯುತ್ತವೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆಕ್ಸಿಜನ್ ಪ್ರಮಾಣ ತಪ್ಪಾಗುತ್ತದೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಟ್ಟ ಆಕ್ಸಿಮೀಟರ್ ಕೂಡ ಎರಡು ಬೆಳಕಿನಿಂದಲೇ ಅಳೆಯುತ್ತದೆ; ಕಪ್ಪು ಚರ್ಮದವರಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ಆಕ್ಸಿಜನ್ ತೋರಿಸುತ್ತದೆ ಎಂದು ಅಧ್ಯಯನಗಳು ಹೇಳಿವೆ. ಕುತ್ತಿನಲ್ಲಿರುವ ರೋಗಿ ಚೆನ್ನಾಗಿದ್ದಾನೆಂದು ತೋರಬಹುದು.

ಸಹಪ್ರಶಿಕ್ಷಣಾರ್ಥಿಗಳಲ್ಲಿ ಒಂದು ಸೂಚನೆ: ಮೌಲ್ಯಮಾಪನದಲ್ಲಿ ‘ಬಿಡಿಸಿ’ ಎಂದಷ್ಟೇ ಕೇಳಬೇಡಿ. ‘ಈ ಸಮೀಕರಣದಲ್ಲಿ ಏನನ್ನು ಬಿಟ್ಟಿದ್ದೇವೆ?’ ಎಂದೂ ಕೇಳಿ.