ಗಾಳಿಗೂ ಲೆಕ್ಕ ಬರೆದ ಬೆಂಗಳೂರಿಗ!

ಹಳೇ ಏರ್‌ಪೋರ್ಟ್ ರಸ್ತೆಯ ಬಸ್ಸಿನಲ್ಲಿ ಓಡಾಡುವವರಿಗೆ ಮುರುಗೇಶಪಾಳ್ಯದ ವಿಂಡ್ ಟನಲ್ ರೋಡ್ ಗೊತ್ತು. ಆ ಹೆಸರು ಯಾಕೆ ಬಂತು ಅಂತ ಕೇಳಿದವರು ಕಡಿಮೆ. ಅಲ್ಲಿ ಎನ್.ಎ.ಎಲ್. ಸಂಸ್ಥೆಯ ಗಾಳಿ ಸುರಂಗವಿದೆ. ವಿಮಾನದ ಪುಟ್ಟ ಮಾದರಿ ನಿಲ್ಲಿಸಿ, ಭರ್ರನೆ ಗಾಳಿ ಬಿಟ್ಟು ಪರೀಕ್ಷಿಸುತ್ತಾರೆ.

ಗಾಳಿ ಬಿಡದೆ, ಬರೀ ಲೆಕ್ಕದಲ್ಲೇ ಅದರ ಓಟ ಹೇಳಬಹುದೇ? ಹೇಳಬಹುದು. ಸೂತ್ರವನ್ನು ನೇವಿಯರ್, ಸ್ಟೋಕ್ಸ್ ಎಂಬಿಬ್ಬರು 19ನೇ ಶತಮಾನದಲ್ಲೇ ಕೊಟ್ಟಿದ್ದಾರೆ. ತೊಂದರೆ ಏನಪ್ಪಾ ಅಂದ್ರೆ, ಗಾಳಿ ಸುಳಿ ತಿರುಗಿದರೆ ಲೆಕ್ಕ ಕೈಗೆ ಸಿಗೋಲ್ಲ. ಅದನ್ನು ಲಕ್ಷಾಂತರ ಚೌಕ ಮಾಡಿ, ಒಂದೊಂದಕ್ಕೂ ಕ್ಷಣಕ್ಷಣಕ್ಕೂ ಗುಣಿಸಿ ಕೂಡಬೇಕು. ಅದಕ್ಕೇ ಬೇಕು ಸೂಪರ್ ಕಂಪ್ಯೂಟರ್!

ಗಾಳಿಯ ಈ ಸುಳಿಗಳ ಹಿಂದೆ ಬಿದ್ದವರು ರೊದ್ದಂ ನರಸಿಂಹ. ಹುಟ್ಟಿದ್ದು 1933. ತಂದೆ ಆರ್.ಎಲ್. ನರಸಿಂಹಯ್ಯ ಭೌತಶಾಸ್ತ್ರದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ ಇಲ್ಲೇ ಇಂಜಿನಿಯರಿಂಗ್ ಓದಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸತೀಶ್ ಧವನ್ ಶಿಷ್ಯರಾದರು. 1961ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಡಾಕ್ಟರೇಟ್ ಪಡೆದು, ಅಲ್ಲೇ ಉಳಿಯದೆ ಊರಿಗೆ ಮರಳಿದರು.

1984ರಲ್ಲಿ ಎನ್.ಎ.ಎಲ್. ನಿರ್ದೇಶಕರಾದರು. ಆಗ ಸೂಪರ್ ಕಂಪ್ಯೂಟರ್ ಬೇಕೆಂದರೆ ಅಮೆರಿಕದ ಅಪ್ಪಣೆ ಆಗಬೇಕು. ಕೊಟ್ಟರೂ ನೂರೆಂಟು ಷರತ್ತು! ಹಾಗಂತ ಇಲ್ಲಿನವರು ಕೈಕಟ್ಟಿ ಕೂರಲಿಲ್ಲ. ಯು.ಎನ್. ಸಿನ್ಹಾ ಅವರ ತಂಡ ಸಾಧಾರಣ ಚಿಪ್ಪುಗಳನ್ನೇ ಜೋಡಿಸಿ, 1986ರಲ್ಲಿ ‘ಫ್ಲೋಸಾಲ್ವರ್’ ಕಟ್ಟಿತು. ಅದೇ ದೇಶದ ಮೊದಲ ಸಮಾಂತರ ಕಂಪ್ಯೂಟರ್. ದೆಹಲಿಯ ಹವಾಮಾನ ಕೇಂದ್ರಕ್ಕೆ ಅಮೆರಿಕದ ಕ್ರೇ ಯಂತ್ರ ಬಂದದ್ದು ಆಮೇಲೆ. ಪುಣೆಯ ‘ಪರಮ್’ ತಯಾರಾದದ್ದು 1991ರಲ್ಲಿ.

ಉಪಾಯ ಅಂಗಡಿಯವರಿಗೆ ಗೊತ್ತಿರುವುದೇ. ವರ್ಷದ ಲೆಕ್ಕ ಒಬ್ಬ ಗುಮಾಸ್ತ ಮಾಡಿದರೆ ತಿಂಗಳು, ನಾಲ್ವರು ಹಂಚಿಕೊಂಡರೆ ವಾರ. ಆದರೆ ಒಬ್ಬನ ಮೊತ್ತ ಇನ್ನೊಬ್ಬನಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕು. ಇಲ್ಲದಿದ್ದರೆ ಮಿಕ್ಕವರು ಆಕಳಿಸುತ್ತಾ ಕೂರಬೇಕು! ಚಿಪ್ಪುಗಳ ಕಥೆಯೂ ಅಷ್ಟೇ.

ವಿಮಾನದ ರೆಕ್ಕೆಗೆ ಹಾಕುವ ಸೂತ್ರವೇ ಮುಂಗಾರಿಗೂ ಬೇಕು. ಫ್ಲೋಸಾಲ್ವರ್ ಮುಂದೆ ಹವಾಮಾನದ ಲೆಕ್ಕವನ್ನೂ ಹಾಕಿತು. ‘ಮಳೆ ಅಂದ್ರು, ಬಿಸಿಲು ಹೊಡೀತು’ ಅಂತ ನಾವು ಬೈಯುತ್ತೇವಲ್ಲ, ಅದಕ್ಕೊಂದು ಕಾರಣವಿದೆ. ಲೆಕ್ಕದ ಚೌಕ ಹಲವು ಕಿಲೋಮೀಟರ್ ಅಗಲ. ಮೆಜೆಸ್ಟಿಕ್ ಮೇಲಿನ ಮೋಡ ಅದರೊಳಗೆ ಜಾರಿ ಹೋಗುತ್ತದೆ.

ನರಸಿಂಹ ಇದನ್ನೂ ಬಿಡಲಿಲ್ಲ. ಪ್ರಯೋಗಾಲಯದ ನೀರಿನ ತೊಟ್ಟಿಯಲ್ಲಿ ಮೋಡದಂಥದೇ ಸುಳಿ ಎಬ್ಬಿಸಿ ಅದರ ಗುಟ್ಟು ಹುಡುಕಿದರು. 2013ರಲ್ಲಿ ಪದ್ಮವಿಭೂಷಣ ಬಂತು. 2020ರ ಡಿಸೆಂಬರ್ 14ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಮೋಡದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಕೊಡೆ ಕೈಯಲ್ಲೇ ಇರಲಿ!