ಶಾಲಾ ಗಣಕಯಂತ್ರಕ್ಕೆ ಪ್ರತ್ಯೇಕ ಸೌಂಡ್ ಕಾರ್ಡ್: ಯಾವಾಗ, ಏಕೆ, ಹೇಗೆ?

ಮಕ್ಕಳ ಗಟ್ಟಿಓದನ್ನು ಧ್ವನಿಮುದ್ರಿಸಿ, ಅವರಿಗೇ ಕೇಳಿಸಿ, ತಿದ್ದಿಕೊಳ್ಳಲು ಅವಕಾಶ ನೀಡುವ ಚಟುವಟಿಕೆ ನಮ್ಮ ಹಲವು ಶಾಲೆಗಳಲ್ಲಿ ನಡೆಯುತ್ತಿದೆ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ ಅಥವಾ ಮರಾಠಿಯನ್ನಾಡುವ ಮಗುವಿಗೆ ಶಿಷ್ಟ ಕನ್ನಡದ ಉಚ್ಚಾರಣೆ ಮುಖ್ಯವಾಗಿ ಕಿವಿಗೆ ಬೀಳುವುದು ಶಾಲೆಯಲ್ಲಿಯೇ. ಆದುದರಿಂದ ಆ ಧ್ವನಿಯು ಶುದ್ಧವಾಗಿರಬೇಕಾದುದು ಅನುಕೂಲದ ಪ್ರಶ್ನೆಯಲ್ಲ, ಕಲಿಕೆಯ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಕ್ಲಸ್ಟರ್ ತರಬೇತಿಯೊಂದರಲ್ಲಿ ಅಧ್ಯಾಪಿಕೆಯೊಬ್ಬರು ನಾಲ್ಕನೆಯ ತರಗತಿಯ ಹುಡುಗಿಯ ಓದನ್ನು ಮುದ್ರಿಸಿ ತಂದಿದ್ದರು. ‘ಭಾರ’ ಎಂಬುದು ‘ಬಾರ’ ಎಂದೂ ‘ಧನ’ ಎಂಬುದು ‘ದನ’ ಎಂದೂ ಕೇಳಿಸಿತು. ಶಕಾರ ಸಕಾರಗಳ ನಡುವೆ ಭೇದವೇ ಇರಲಿಲ್ಲ. ಮಗುವಿಗೆ ಮಹಾಪ್ರಾಣ ಬಾರದು ಎಂದು ನಾವೆಲ್ಲರೂ ಒಮ್ಮತದಿಂದ ಬರೆದುಕೊಂಡೆವು, ನಾನೂ ಬರೆದುಕೊಂಡೆ. ತಿಂಗಳ ಬಳಿಕ ಆ ಶಾಲೆಗೆ ಹೋದಾಗ ಅದೇ ಪುಟವನ್ನು ಅವಳು ನನ್ನೆದುರು ಓದಿದಳು. ಭಕಾರ, ಧಕಾರಗಳ ಉಸಿರು ಸ್ಪಷ್ಟವಾಗಿಯೇ ಇತ್ತು. ತಪ್ಪಿದ್ದುದು ಗಣಕಯಂತ್ರದ ಧ್ವನಿಗ್ರಹಣದಲ್ಲಿ. ಆದರೆ ಅಷ್ಟರೊಳಗೆ ಅವಳನ್ನು ಪರಿಹಾರ ಬೋಧನೆಯ ಗುಂಪಿಗೆ ಸೇರಿಸಿಯಾಗಿತ್ತು. ತರಗತಿಯಲ್ಲಿ ತಾನಾಗಿ ಓದಲು ಏಳುವುದನ್ನು ಅವಳು ಬಿಟ್ಟಿದ್ದಳು. ಈ ಲೇಖನದ ಹಿನ್ನೆಲೆ ಇದು.

ಧ್ವನಿ ಅಂಕೆಯಾಗುವ ಬಗೆ

ಮೈಕ್ ಧ್ವನಿಯ ಅಲೆಗಳನ್ನು ವಿದ್ಯುತ್ತಿನ ಏರಿಳಿತವನ್ನಾಗಿಸುತ್ತದೆ. ಈ ವಿದ್ಯುತ್ತು ಅತ್ಯಂತ ಕ್ಷೀಣ, ಕೆಲವೇ ಮಿಲಿವೋಲ್ಟ್‌ಗಳಷ್ಟು. ಅದನ್ನು ಮೊದಲು ವರ್ಧಿಸಬೇಕು. ಬಳಿಕ ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕೆಗಳಾಗಿ ಪರಿವರ್ತಿಸಬೇಕು. ಸಿ.ಡಿ.ಯ ಮಾನದಂಡದಂತೆ ಸೆಕೆಂಡಿಗೆ 44,100 ಅಳತೆಗಳು, ಪ್ರತಿಯೊಂದೂ 16 ಬಿಟ್. ಕೇಳಿಸುವಾಗ ಈ ಕ್ರಿಯೆ ಹಿಂದುಮುಂದಾಗುತ್ತದೆ. ಈ ಎರಡು ಪರಿವರ್ತನೆಗಳನ್ನು ಮಾಡುವ ಭಾಗವೇ ಗಣಕಯಂತ್ರದ ಧ್ವನಿವ್ಯವಸ್ಥೆ.

1981ರ ಐ.ಬಿ.ಎಂ. ಗಣಕಯಂತ್ರದಲ್ಲಿ ಬೀಪ್ ಎನ್ನುವ ಪುಟ್ಟ ಸ್ಪೀಕರ್ ಮಾತ್ರವಿತ್ತು. 1987ರಲ್ಲಿ ಆಡ್‌ಲಿಬ್, 1989ರಲ್ಲಿ ಸಿಂಗಾಪುರದ ಕ್ರಿಯೇಟಿವ್ ಸಂಸ್ಥೆಯ ಸೌಂಡ್ ಬ್ಲಾಸ್ಟರ್ ಬಂದವು. ಅಂದು ಸಂಗೀತ, ಮಾತು ಬೇಕಾದವರು ಪ್ರತ್ಯೇಕ ಕಾರ್ಡನ್ನೇ ಕೊಳ್ಳಬೇಕಿತ್ತು. 1997ರಲ್ಲಿ ಇಂಟೆಲ್ ಎಸಿ’97 ಎಂಬ ಮಾನದಂಡವನ್ನೂ 2004ರಲ್ಲಿ ಎಚ್‌ಡಿ ಆಡಿಯೊ ಎಂಬುದನ್ನೂ ರೂಪಿಸಿದ ಮೇಲೆ, ಮದರ್‌ಬೋರ್ಡಿನ ಮೇಲಿನ ಒಂದು ಚಿಕ್ಕ ಚಿಪ್ಪೇ ಈ ಕೆಲಸವನ್ನು ವಹಿಸಿಕೊಂಡಿತು. ಇಂದು ಗಣಕಯಂತ್ರಕ್ಕೆ ಧ್ವನಿ ಬರಲು ಕಾರ್ಡ್ ಬೇಕಿಲ್ಲ. ಬರುವ ಧ್ವನಿ ನಮ್ಮ ಕೆಲಸಕ್ಕೆ ಸಾಕೆ ಎಂಬುದಷ್ಟೇ ಪ್ರಶ್ನೆ.

ದೋಷ ಎಲ್ಲಿಂದ ಬರುತ್ತದೆ?

ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್, ಮೆಮೊರಿ, ವಿದ್ಯುತ್ ನಿಯಂತ್ರಕಗಳು ಇಕ್ಕಟ್ಟಿನಲ್ಲಿ ಕುಳಿತಿವೆ. ಅವುಗಳ ವಿದ್ಯುತ್ ಕಲರವವು ಮೈಕಿನ ಕ್ಷೀಣ ವಿದ್ಯುತ್ತಿನೊಡನೆ ಬೆರೆಯಬಹುದು. ವರ್ಧಿಸುವಾಗ ಧ್ವನಿಯೊಂದಿಗೆ ಈ ಕಲಬೆರಕೆಯೂ ಹಿಗ್ಗುತ್ತದೆ. ‘ಸುಯ್’ ಎಂಬ ನಿರಂತರ ಸದ್ದಾಗಿ ಕೇಳುತ್ತದೆ. ಮಹಾಪ್ರಾಣವೆಂದರೆ ವ್ಯಂಜನದ ಜೊತೆಯಲ್ಲಿ ಹೊರಡುವ ಹಗುರವಾದ ಉಸಿರು. ಅದೂ ಒಂದು ಬಗೆಯ ‘ಸುಯ್’ ಸದ್ದೇ. ಆದ್ದರಿಂದ ಸದ್ದಿನಲ್ಲಿ ಮೊದಲು ಮುಳುಗಿಹೋಗುವುದು ಅದೇ. ಸ್ವರಗಳು ಗಟ್ಟಿಯಾದುದರಿಂದ ಉಳಿದುಕೊಳ್ಳುತ್ತವೆ, ಓದು ‘ಅರ್ಥವಾಗುತ್ತದೆ’. ನಾವು ಮೋಸಹೋಗುವುದು ಇಲ್ಲಿಯೇ.

ಶಕಾರ ಸಕಾರಗಳ ಕಥೆ ಬೇರೆ. ಸಕಾರದ ಸತ್ವವೆಲ್ಲ ಬಹುಮಟ್ಟಿಗೆ 4,000 ಹರ್ಟ್ಸ್‌ಗಿಂತ ಮೇಲಿದೆ. ಶಕಾರದ್ದು ಅದಕ್ಕಿಂತ ಕೆಳಗಿನಿಂದಲೇ ತೊಡಗುತ್ತದೆ. ಸೆಕೆಂಡಿಗೆ ಎಷ್ಟು ಅಳತೆಗಳೋ ಅದರ ಅರ್ಧದಷ್ಟು ಕಂಪನದವರೆಗಿನ ಧ್ವನಿಯನ್ನು ಮಾತ್ರ ಹಿಡಿದಿಡಬಹುದು. ತಂತ್ರಾಂಶದಲ್ಲಿ 8,000 ಅಳತೆಗಳ ಆಯ್ಕೆ ಇದ್ದರೆ 4,000 ಹರ್ಟ್ಸ್‌ಗಿಂತ ಮೇಲಿನದೆಲ್ಲವೂ ಕಡಿದುಹೋಗುತ್ತದೆ. ಇದು ಯಾವ ಕಾರ್ಡಿನಿಂದಲೂ ಸರಿಹೋಗದು. ಆಯ್ಕೆಯನ್ನು 44,100ಕ್ಕೆ ಬದಲಿಸಿದರೆ ಸಾಕು. ಬ್ಲೂಟೂತ್ ಹೆಡ್‌ಸೆಟ್‌ಗಳ ಮೈಕಿನಲ್ಲಿಯೂ ಇಂತಹ ಕಡಿತ ಸಾಮಾನ್ಯ. ಉಚ್ಚಾರಣೆಯ ಮೌಲ್ಯಮಾಪನಕ್ಕೆ ಅವುಗಳನ್ನು ಬಳಸದಿರುವುದೇ ಲೇಸು.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಪಿಟಿಎಯ ಹಣವನ್ನು ಕೈಗೆತ್ತಿಕೊಳ್ಳುವ ಮೊದಲು ಕೆಳಗಿನ ಕ್ರಮವನ್ನು ಅನುಸರಿಸಿರಿ. ಇವುಗಳಿಗೆ ಖರ್ಚಿಲ್ಲ.

1. ಮೈಕನ್ನು ಕ್ಯಾಬಿನೆಟ್ಟಿನ ಮುಂಭಾಗದ ತೂತಿನಿಂದ ತೆಗೆದು ಹಿಂಭಾಗದ ಗುಲಾಬಿ ಬಣ್ಣದ ತೂತಿಗೆ ಸಿಕ್ಕಿಸಿರಿ. ಮುಂಭಾಗಕ್ಕೆ ಹೋಗುವ ತಂತಿ ಯಂತ್ರದೊಳಗೆ ಉದ್ದಕ್ಕೂ ಹಾದುಬರುವುದರಿಂದ ಹೆಚ್ಚು ಸದ್ದನ್ನು ಹೀರುತ್ತದೆ. ಹಸಿರು ತೂತು ಸ್ಪೀಕರ್ ಅಥವಾ ಹೆಡ್‌ಫೋನಿಗೆ. ನೀಲಿ ತೂತು ಟೇಪ್‌ರೆಕಾರ್ಡರಿನಂತಹ ಉಪಕರಣಗಳಿಗೆ. ನೀಲಿಗೆ ಮೈಕ್ ಸಿಕ್ಕಿಸಿದರೆ ಧ್ವನಿ ಕೇಳಿಯೂ ಕೇಳಿಸದಂತಿರುತ್ತದೆ.

2. ಮೈಕನ್ನು ಮಗುವಿನ ಬಾಯಿಗೆ ಒಂದು ಗೇಣಿನಷ್ಟು ಹತ್ತಿರ, ತುಸು ಪಕ್ಕಕ್ಕೆ ಇಡಿರಿ. ದೂರ ಅರ್ಧವಾದರೆ ಮೈಕಿಗೆ ತಲಪುವ ಧ್ವನಿಯ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆಗ ‘ಬೂಸ್ಟ್’ ಎಂಬ ವರ್ಧನೆಯನ್ನು ತಗ್ಗಿಸಬಹುದು, ಸದ್ದೂ ತಗ್ಗುತ್ತದೆ.

3. ಯಾರೂ ಮಾತನಾಡದೆ ಹತ್ತು ಸೆಕೆಂಡು ಮುದ್ರಿಸಿ ಹೆಡ್‌ಫೋನಿನಲ್ಲಿ ಕೇಳಿರಿ. ಫ್ಯಾನಿನ ಸದ್ದು ಕೇಳಿದರೆ ಫ್ಯಾನನ್ನು ನಿಲ್ಲಿಸಿರಿ. ಮೌಸನ್ನು ಸರಿಸುವಾಗ ಕರಕರ ಸದ್ದು ಬಂದರೆ ದೋಷ ಯಂತ್ರದೊಳಗಿನದು.

4. ‘ಗುಂಯ್’ ಎಂಬ ತಗ್ಗುದನಿ ಇದ್ದರೆ ಅದು ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಸೋಂಕು. ಲ್ಯಾಪ್‌ಟಾಪ್ ಆದರೆ ಚಾರ್ಜರನ್ನು ಕಳಚಿ ನೋಡಿರಿ. ಸದ್ದು ನಿಂತರೆ ದೋಷ ಚಾರ್ಜರಿನಲ್ಲಿ ಅಥವಾ ಕಟ್ಟಡದ ಅರ್ಥಿಂಗಿನಲ್ಲಿದೆ. ಅರ್ಥಿಂಗನ್ನು ವಿದ್ಯುತ್ ಕೆಲಸದವರಿಂದಲೇ ಸರಿಪಡಿಸಬೇಕು.

ಇವೆಲ್ಲವನ್ನೂ ಮಾಡಿದ ಮೇಲೂ ‘ಸುಯ್’ ಸದ್ದು ಉಳಿದರೆ ಮಾತ್ರ ಪ್ರತ್ಯೇಕ ಸೌಂಡ್ ಕಾರ್ಡಿನ ಯೋಚನೆ ಮಾಡಬಹುದು.

ಯಾವುದನ್ನು ಆಯಬೇಕು?

ಎರಡು ಬಗೆಗಳಿವೆ. ಮೊದಲನೆಯದು ಯಂತ್ರದೊಳಗೆ ಕೂಡಿಸುವ ಕಾರ್ಡ್. ಇದಕ್ಕೆ ಮದರ್‌ಬೋರ್ಡಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿ ಇರಬೇಕು. ಹಳೆಯ ಯಂತ್ರಗಳ ಪಿಸಿಐ ಸ್ಲಾಟಿಗೆ ಹೊಸ ಕಾರ್ಡ್ ಹೊಂದದು. ಕೊಳ್ಳುವ ಮುನ್ನ ನೋಡಿಕೊಳ್ಳಬೇಕು. ಎರಡನೆಯದು ಯುಎಸ್‌ಬಿ ತೂತಿಗೆ ಹೊರಗಿನಿಂದ ಸಿಕ್ಕಿಸುವ ಉಪಕರಣ. ಪರಿವರ್ತನೆಯ ಕೆಲಸವೆಲ್ಲ ಕ್ಯಾಬಿನೆಟ್ಟಿನ ಹೊರಗೆ ನಡೆಯುವುದರಿಂದ ಒಳಗಿನ ಕಲರವದಿಂದ ಅದು ಬಹುಮಟ್ಟಿಗೆ ಪಾರಾಗುತ್ತದೆ. ಲ್ಯಾಪ್‌ಟಾಪಿಗೂ ಹೊಂದುತ್ತದೆ, ಒಂದು ಕೊಠಡಿಯಿಂದ ಇನ್ನೊಂದಕ್ಕೆ ಒಯ್ಯಬಹುದು. ಶಾಲೆಗಳಿಗೆ ಇದೇ ಸೂಕ್ತವೆಂದು ನನ್ನ ಅಭಿಪ್ರಾಯ. ಸರಕಾರದಿಂದ ಬಂದ ಯಂತ್ರದ ಮುಚ್ಚಳವನ್ನು ಅನುಮತಿಯಿಲ್ಲದೆ ಬಿಚ್ಚುವ ಪ್ರಮೇಯವೂ ಬರುವುದಿಲ್ಲ.

ಕೇರಳದ ಶಾಲೆಗಳ ಯಂತ್ರಗಳಲ್ಲಿ ಕೈಟ್ ಒದಗಿಸುವ ಉಬುಂಟು ಆಧಾರಿತ ವ್ಯವಸ್ಥೆ ಇದೆ. ಡ್ರೈವರಿನ ಸಿ.ಡಿ. ವಿಂಡೋಸಿಗೆ ಮಾತ್ರವಿರುವ ಕಾರ್ಡ್ ಇಲ್ಲಿ ತೊಡಕಾಗಬಹುದು. ಯುಎಸ್‌ಬಿ ಆಡಿಯೊ ಮಾನದಂಡವನ್ನು ಪಾಲಿಸುವ ಉಪಕರಣಗಳು ಬೇರೆ ಡ್ರೈವರಿಲ್ಲದೆ ಕೆಲಸ ಮಾಡುತ್ತವೆ. ಅಂಗಡಿಯಲ್ಲಿ ಇದನ್ನು ಕೇಳಿಯೇ ಕೊಳ್ಳಿರಿ. ಮೊಬೈಲಿನ ಹೆಡ್‌ಸೆಟ್ಟಿನ ತುದಿಯಲ್ಲಿ ಮೂರು ಕರಿಪಟ್ಟಿಗಳಿದ್ದರೆ ಅದರ ಮೈಕ್ ಗುಲಾಬಿ ತೂತಿನಲ್ಲಿ ಕೆಲಸ ಮಾಡದು. ಅದಕ್ಕೆ ಮೈಕನ್ನೂ ಹೆಡ್‌ಫೋನನ್ನೂ ಬೇರ್ಪಡಿಸುವ ಕವಲು ತಂತಿ ಬೇಕು.

ಜೋಡಿಸಿದ ಮೇಲೆ ಧ್ವನಿಯ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಹೊಸ ಉಪಕರಣವನ್ನು ಆಯ್ಕೆಮಾಡಬೇಕು. ಇದನ್ನು ಮರೆತು ‘ಹೊಸ ಕಾರ್ಡಿನಿಂದ ಪ್ರಯೋಜನವಾಗಲಿಲ್ಲ’ ಎಂದವರನ್ನು ನಾನು ಕಂಡಿದ್ದೇನೆ. ಪ್ರೊಜೆಕ್ಟರಿಗೆ ಎಚ್‌ಡಿಎಂಐ ತಂತಿ ಜೋಡಿಸಿದಾಗ ಧ್ವನಿ ತಾನಾಗಿ ಆ ದಾರಿ ಹಿಡಿಯುವುದೂ ಉಂಟು. ಆಗಲೂ ಇದೇ ಪರಿಹಾರ.

ಕಾರ್ಡಿನ ಮಿತಿ

ಕಾರ್ಡು ಒಡೆದ ಸ್ಪೀಕರನ್ನು ಸರಿಪಡಿಸದು. ತಗಡಿನ ಮಾಡಿನ ಕೊಠಡಿಯ ಮಾರ್ದನಿಯನ್ನೂ ಇಲ್ಲವಾಗಿಸದು. ಅದಕ್ಕೆ ಕಿಟಕಿಗಳಿಗೆ ದಪ್ಪ ಬಟ್ಟೆ ಇಳಿಬಿಡುವುದು, ಪುಸ್ತಕದ ಕಪಾಟುಗಳಿರುವ ಕೊಠಡಿಯಲ್ಲಿ ಮುದ್ರಿಸುವುದು ಹೆಚ್ಚು ಫಲಕಾರಿ. 24 ಬಿಟ್, 192 ಸಾವಿರ ಅಳತೆ ಎಂಬ ಜಾಹೀರಾತಿನ ಅಂಕೆಗಳಿಗೂ ಮರುಳಾಗಬೇಡಿರಿ. ಮಗುವಿನ ಓದಿಗೆ 16 ಬಿಟ್, 44,100 ಧಾರಾಳವಾಗಿ ಸಾಕು. ಈ ಮಟ್ಟದಲ್ಲಿ ಒಂದು ನಿಮಿಷದ ಮೊನೊ ಮುದ್ರಣಕ್ಕೆ ಸುಮಾರು 5.3 ಮೆಗಾಬೈಟ್ ಸ್ಥಳ ಬೇಕಾಗುತ್ತದೆ.

ತರಗತಿಯ ಚಟುವಟಿಕೆ

‘ಬಾರ–ಭಾರ, ದನ–ಧನ, ಸಾಲೆ–ಶಾಲೆ, ಕಲೆ–ಕಳೆ’ ಮೊದಲಾದ ಜೋಡಿಗಳನ್ನು ಮೊದಲು ಅಧ್ಯಾಪಕರೇ ಓದಿ ಆಡಾಸಿಟಿಯಂತಹ ಉಚಿತ ತಂತ್ರಾಂಶದಲ್ಲಿ ಮುದ್ರಿಸಲಿ. ಪಟ್ಟಿಯನ್ನು ನೋಡದ ಸಹೋದ್ಯೋಗಿಯೊಬ್ಬರು ಅದನ್ನು ಕೇಳಿ ಬರೆದುಕೊಳ್ಳಲಿ. ಅಧ್ಯಾಪಕರ ಭೇದಗಳನ್ನೇ ಯಂತ್ರ ಉಳಿಸಿಕೊಳ್ಳದಿದ್ದರೆ ಮಗುವಿನದನ್ನು ಅದರಿಂದ ಅಳೆಯಬಾರದು. ಯಂತ್ರ ತೇರ್ಗಡೆಯಾದ ಬಳಿಕವೇ ಮಕ್ಕಳ ಸರದಿ.

ಮೇಲೆ ಹೇಳಿದ ಶಾಲೆಯಲ್ಲಿಯೂ ಹೀಗೆಯೇ ಮಾಡಿದೆವು. ಮೈಕನ್ನು ಹಿಂಭಾಗಕ್ಕೆ ಬದಲಿಸಿದಾಗ ಸದ್ದು ತಕ್ಕಮಟ್ಟಿಗೆ ಇಳಿಯಿತು. ಯುಎಸ್‌ಬಿ ಉಪಕರಣ ಬಂದ ಮೇಲೆ ಉಳಿದುದೂ ಹೋಯಿತು. ಹುಡುಗಿಯ ಮಹಾಪ್ರಾಣಗಳು ಮುದ್ರಣದಲ್ಲಿಯೂ ಕೇಳಿಸಿದವು. ಶಕಾರ ಮಾತ್ರ ಕೆಲವೆಡೆ ನಿಜವಾಗಿಯೂ ಸಕಾರವಾಗುತ್ತಿತ್ತು. ಅದನ್ನು ಅವಳೇ ಕೇಳಿ ಗುರುತಿಸಿ, ನಕ್ಕು, ಮತ್ತೆ ಓದಿದಳು. ಮಗುವಿನ ನಾಲಿಗೆಯ ಮೇಲೆ ತೀರ್ಪು ಕೊಡುವ ಮೊದಲು ನಮ್ಮ ಉಪಕರಣದ ಕಿವಿಯನ್ನು ಪರೀಕ್ಷಿಸಿಕೊಳ್ಳೋಣ.